ಬೇಲಿಯ ಕಂಡಿಗೆ ಒಂದು ತಡಮೆ: ಆರೋಗ್ಯ ಸಚಿವರಿಬ್ಬರಿಗೆ ಪೆರ್ಲದಿಂದ ಬಹಿರಂಗ ಪತ್ರ

ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹೊಸದಿಲ್ಲಿ
ಕೇರಳ ರಾಜ್ಯದ ಆರೋಗ್ಯ ಸಚಿವರಿಗೆ, ತಿರುವನಂತಪುರ

ಮಾನ್ಯರೇ,

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಸರಕಾರಕ್ಕೆ ಕೊಡುವ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆಯಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದವರು ನಮ್ಮನ್ನು ಕೇರಳದ ಬದಿಗೆ ಹಾಕಿದರೂ ಆ ವಿಧಿಯನ್ನು ನಮಗೆ ಬಿಟ್ಟಿದ್ದಾರೆ. ಕಾಸರಗೋಡಿನಿಂದ ಕನ್ನಡದಲ್ಲಿ ಪತ್ರ ಬಂತೆಂದರೆ ಭಾಷೆಯ ತಕರಾರು ಎಂದುಕೊಂಡು ಬದಿಗಿಡುವ ವಾಡಿಕೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ನನ್ನ ತಕರಾರು ಮದ್ದಿನದ್ದು, ಮದ್ದು ತಪಾಸಣೆ ಮಾಡುವವರು ನಿವೃತ್ತಿಯ ಬಳಿಕ ಮದ್ದಿನ ಕಂಪೆನಿಗೇ ಕೆಲಸಕ್ಕೆ ಹೋಗುವುದರದ್ದು.

ನಾನು ಪೆರ್ಲ, ಬದಿಯಡ್ಕ ಕಡೆಯಲ್ಲಿ 31 ವರ್ಷ ಮದ್ದಿನಂಗಡಿ ನಡೆಸಿದವನು. ಈಗ ಮಗ ಕೂರುತ್ತಾನೆ. ನಾನು ಬೆಳಗ್ಗೆ ಹೋಗಿ, ಪೇಪರು ಓದಿ, ಹಳೆಯ ಗಿರಾಕಿಗಳ ಮೊಣಕಾಲು ನೋವಿನ ಕತೆ ಕೇಳಿ ಬರುತ್ತೇನೆ.

ನನ್ನ ಅಂಗಡಿಗೆ ಬರುತ್ತಿದ್ದ ಡ್ರಗ್ಸ್ ಇನ್‌ಸ್ಪೆಕ್ಟರುಗಳಲ್ಲಿ ಒಬ್ಬರ ಬಗ್ಗೆ ಹೇಳಬೇಕು. ಹೆಸರು ಹೇಳುವುದಿಲ್ಲ. ತೆಂಕಣದವರು, ಇಲ್ಲಿಗೆ ಬಂದ ಮೇಲೆ ಅಂಗಡಿಯವರ ಜತೆ ಮಾತಾಡಲೆಂದೇ ಒಂದಿಷ್ಟು ಕನ್ನಡ ಕಲಿತಿದ್ದರು. ಅವರಷ್ಟು ಖಡಕ್ ಅಧಿಕಾರಿಯನ್ನು ನಾನು ಮತ್ತೆ ಕಾಣಲಿಲ್ಲ. ಒಮ್ಮೆ ಇನ್ಸುಲಿನ್ ಇಡುವ ಫ್ರಿಜ್ ತೆರೆದರು. ಒಳಗೆ ಇನ್ಸುಲಿನ್ ವಯಲುಗಳ ಪಕ್ಕದಲ್ಲೇ ನನ್ನ ಮಧ್ಯಾಹ್ನದ ಮಜ್ಜಿಗೆ ಬಾಟ್ಲಿ! ಏನೂ ಬೈಯಲಿಲ್ಲ. ಫಾರ್ಮ್ 35 ಎಂಬ ತಪಾಸಣೆ ಪುಸ್ತಕ ಪ್ರತಿ ಮದ್ದಿನಂಗಡಿಯಲ್ಲೂ ಇರಬೇಕು, ಅದನ್ನು ತರಿಸಿ ನನ್ನೆದುರೇ ಇಂಗ್ಲಿಷಿನಲ್ಲಿ ಬರೆದರು. ಮಜ್ಜಿಗೆಗೂ ಜಾಗ ಕೊಟ್ಟು ಬರೆದಿದ್ದರು. ಚಹಾ ತರಿಸಲು ಬಿಡುತ್ತಿರಲಿಲ್ಲ, ಸೋಡಾ ಕುಡಿದರೆ ದುಡ್ಡು ಇಟ್ಟೇ ಹೋಗುತ್ತಿದ್ದರು. ಒಂದು ಕಂಪೆನಿಯ ಮಾತ್ರೆಯ ಮೇಲೆ ಅವರಿಗೆ ಸಂಶಯ ಬಂದು ಸ್ಯಾಂಪಲ್ ತೆಗೆದದ್ದು ನನ್ನ ಅಂಗಡಿಯಿಂದಲೇ. ಸ್ಯಾಂಪಲನ್ನು ಪಾಲು ಮಾಡಿ, ಸೀಲು ಹಾಕಿ, ನನಗೊಂದು ಪಾಲು ಕೊಟ್ಟು, ಸರಕಾರಿ ಲ್ಯಾಬಿಗೆ ಒಂದು ಕಳಿಸಿ, ಕೋರ್ಟಿಗೆಂದು ಒಂದು ತೆಗೆದಿರಿಸಿ ಎಲ್ಲವೂ ಕಾನೂನಿನಂತೆಯೇ ಆಯಿತು. ಕೆಲವು ತಿಂಗಳ ಬಳಿಕ ಆ ಬ್ಯಾಚು ಗುಣಮಟ್ಟದ್ದಲ್ಲ ಎಂದು ವರದಿ ಬಂತು. ಉಳಿದ ಸ್ಟ್ರಿಪ್ಪುಗಳನ್ನು ನಾನು ವಾಪಸು ಕಳಿಸಿದೆ.

ಅವರು 56ಕ್ಕೆ ನಿವೃತ್ತರಾದರು. ಕೇರಳದಲ್ಲಿ 2013ರ ಎಪ್ರಿಲಿಗೆ ಮೊದಲು ಸರಕಾರಿ ನೌಕರಿಗೆ ಸೇರಿದವರಿಗೆ ಅಷ್ಟೇ ವಯಸ್ಸು. ಹಾರ ಹಾಕಿ ಕಳಿಸಿಕೊಟ್ಟೆವು. ಎರಡು ಮಳೆಗಾಲ ಕಳೆದಿರಬೇಕು, ಅವರು ನನ್ನ ಅಂಗಡಿಗೆ ಮತ್ತೆ ಬಂದರು. ಕೈಯಲ್ಲಿ ಚರ್ಮದ ಚೀಲ, ಜತೆಗೆ ಒಬ್ಬ ಹುಡುಗ ಮೆಡಿಕಲ್ ರೆಪ್. ಅದೇ ಕಂಪೆನಿ. ಸಾಹೇಬರು ಈಗ ಅದರ ಸಲಹೆಗಾರರು. ಈ ಸಲ ಚಹಾ ಕುಡಿದರು. ನಾವಿಬ್ಬರೂ ಫ್ರಿಜ್ಜಿನ ಕತೆ ನೆನೆದು ನಕ್ಕೆವು.

ಹಾಗೆ ಕೂತಿರುವಾಗಲೇ ಹೊಸ ಇನ್‌ಸ್ಪೆಕ್ಟರು ಬಂದರು. ಎಳೆಯ ಪ್ರಾಯ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬಹುದು. ಬಾಗಿಲಲ್ಲೇ ಹಳಬರನ್ನು ಕಂಡು ಕೈಮುಗಿದು "ಸಾರ್" ಎಂದರು. ಈ ಹಳಬರ ಕೈಕೆಳಗೇ ಅವರು ಕೆಲಸ ಕಲಿತದ್ದಂತೆ. ಕೌಂಟರಿನ ಮೇಲೆ ಆ ಕಂಪೆನಿಯ ಸ್ಟ್ರಿಪ್ಪುಗಳಿದ್ದವು. ಹೊಸಬರು ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದು ಮಾತ್ರೆಯ ಬಣ್ಣ ನೋಡಿ, ಮತ್ತೆ ಕೆಳಗಿಟ್ಟರು. ಆ ದಿನ ಸ್ಯಾಂಪಲ್ ತೆಗೆಯಲಿಲ್ಲ. ಯಾರೂ ಯಾರಿಗೂ ಏನೂ ಹೇಳಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ, ಫಾರ್ಮ್ 35ರಲ್ಲಿ ಎಲ್ಲವೂ ತೃಪ್ತಿಕರ ಎಂದು ಬರೆಯಲಾಯಿತು. ನಿಜ ಹೇಳುವುದಾದರೆ ನನಗೂ ಒಳಗೊಳಗೇ ಸಮಾಧಾನವಾಗಿತ್ತು. ಸ್ಟಾಕು ನನ್ನದಲ್ಲವೇ?

ಆ ಮಾತ್ರೆ ಸರಿಯಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ನಿಮಗೆ ಬರೆಯಲು ಕೂತದ್ದು ಅದೇ ಕಾರಣಕ್ಕೆ.

ಇದಕ್ಕೆ ಇಂಗ್ಲಿಷಿನವರು ರಿವಾಲ್ವಿಂಗ್ ಡೋರ್ ಎನ್ನುತ್ತಾರೆ, ತಿರುಗುಬಾಗಿಲು. ಇಲಾಖೆಯಿಂದ ಹೊರಟವರು ಕಂಪೆನಿಯೊಳಗೆ, ಕಂಪೆನಿಯಿಂದ ಹೊರಟವರು ಇಲಾಖೆಯೊಳಗೆ. ಲಂಚವಾದರೆ ಹಿಡಿಯಲು ವಿಜಿಲೆನ್ಸ್ ಇದೆ, ನೋಟಿಗೆ ಹಚ್ಚಲು ಪೌಡರ್ ಇದೆ. ನಾಳೆ ಸಿಗಬಹುದಾದ ಕೆಲಸಕ್ಕೆ ಯಾವ ಪೌಡರ್ ಹಚ್ಚುವುದು? ನಮ್ಮ ಕಡೆಯವರಿಗೆ ಅಡಿಕೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಅಂಗಡಿಯಲ್ಲಿ ಗೋಣಿ ಬಿಚ್ಚಿ ಇದು ಪಟೋರ, ಇದು ಕೋಕ, ಇದು ಕರಿಗೋಟು ಎಂದು ವಿಂಗಡಿಸುವವನು ಒಬ್ಬನಿರುತ್ತಾನೆ. ಅವನ ಒಂದೊಂದು ಮಾತಿಗೂ ನಮ್ಮ ಕಿಲೋದ ರೇಟು ಏರುತ್ತದೆ, ಇಳಿಯುತ್ತದೆ. ಅವನು ಕಳ್ಳನಾಗಿರಬೇಕಾಗಿಲ್ಲ. ಬರುವ ವರ್ಷ ಯಾರ ಗೋದಾಮಿನಲ್ಲಿ ರೈಟರ್ ಆಗಿ ಕೂರುವವನಿದ್ದಾನೆ ಎಂಬುದು ಗೊತ್ತಿದ್ದರೆ, ಎರಡರ ಮಧ್ಯದಲ್ಲಿ ಸಂಶಯಕ್ಕೆ ಬೀಳುವ ಅಡಿಕೆ ಯಾವ ರಾಶಿಗೆ ಹೋದೀತೆಂದು ಬೆಳೆಗಾರನಿಗೆ ಹೇಳಿಕೊಡಬೇಕಾಗಿಲ್ಲ. ಔಷಧದ ಕಡತಗಳಲ್ಲೂ ಸಂಶಯಕ್ಕೆ ಬೀಳುವ ಅಡಿಕೆಗಳೇ ಹೆಚ್ಚು.

ಅಮೆರಿಕದಲ್ಲಿ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಬಯಲಿಗೆ ಬಂದಿದೆ. ಆಕ್ಸಿಕಾಂಟಿನ್ ಎಂಬ ಅಫೀಮು ಜಾತಿಯ ನೋವಿನ ಮಾತ್ರೆಗೆ, ಮದ್ದುಗಳಿಗೆ ಒಪ್ಪಿಗೆ ಕೊಡುವ ಅಲ್ಲಿನ ಸರಕಾರಿ ಸಂಸ್ಥೆಯಾದ ಎಫ್‌ಡಿಎ 1995ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮದ್ದು ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ದುರ್ಬಳಕೆ ಕಡಿಮೆಯಾದೀತೆಂದು "ನಂಬಲಾಗಿದೆ" ಎಂಬ ಅರ್ಥದ ಒಂದು ಸಾಲು ಅದರ ಲೇಬಲಿನಲ್ಲಿ ಸೇರಿಕೊಂಡಿತು. ಯಾರು ನಂಬಿದ್ದು, ಯಾವ ಪರೀಕ್ಷೆಯ ಮೇಲೆ? ಕಂಪೆನಿಯ ರೆಪ್ಪುಗಳು ಆ ಒಂದು ಸಾಲನ್ನು ಹಿಡಿದುಕೊಂಡೇ ಡಾಕ್ಟರುಗಳ ಮುಂದೆ ನಿಂತರು. ಆ ಕಡತವನ್ನು ನೋಡಿಕೊಂಡಿದ್ದ ಅಧಿಕಾರಿ ಕರ್ಟಿಸ್ ರೈಟ್ ಎಫ್‌ಡಿಎ ಬಿಟ್ಟ ಎರಡು ವರ್ಷದೊಳಗೆ ಆ ಮಾತ್ರೆ ಮಾಡುವ ಪರ್ಡ್ಯೂ ಕಂಪೆನಿಯಲ್ಲೇ ಕೆಲಸಕ್ಕಿದ್ದರು. ಮಾತ್ರೆಯ ಚಟಕ್ಕೆ ಊರಿಗೆ ಊರೇ ಬಿದ್ದದ್ದು ಆಮೇಲಿನ ಕತೆ. ಕಂಪೆನಿ 2007ರಲ್ಲೂ 2020ರಲ್ಲೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು.

ಬಿಲ್ಲಿ ಟೌಜಿನ್ ಎಂಬ ಸಂಸದರು ಮೆಡಿಕೇರ್ ಎಂಬ ಹಿರಿಯರ ಸರಕಾರಿ ಆರೋಗ್ಯ ವಿಮೆಯ 2003ರ ಔಷಧ ಕಾನೂನನ್ನು ದಡ ಸೇರಿಸಿದವರಲ್ಲಿ ಮುಖ್ಯರು. ಮದ್ದಿನ ಬೆಲೆಯ ಬಗ್ಗೆ ಸರಕಾರ ಕಂಪೆನಿಗಳ ಜತೆ ಚೌಕಾಶಿ ಮಾಡಬಾರದೆಂದು ಆ ಕಾನೂನಿನಲ್ಲೇ ಬರೆದಿತ್ತು. 2005ರ ಹೊತ್ತಿಗೆ ಅವರು ಔಷಧ ಕಂಪೆನಿಗಳ ಒಕ್ಕೂಟದ ಮುಖ್ಯಸ್ಥರು. ಬಾಗಿಲು ಎರಡೂ ಕಡೆಗೆ ತಿರುಗಿದ್ದಕ್ಕೆ ಅಲೆಕ್ಸ್ ಅಜಾರ್ ಇದ್ದಾರೆ: ಮೊದಲು ಆರೋಗ್ಯ ಇಲಾಖೆಯಲ್ಲಿ ದೊಡ್ಡ ಹುದ್ದೆ, ನಡುವೆ ಹತ್ತು ವರ್ಷ ಇನ್ಸುಲಿನ್ ಮಾಡುವ ಎಲೈ ಲಿಲ್ಲಿ ಕಂಪೆನಿ, 2018ರಲ್ಲಿ ಮತ್ತೆ ಅದೇ ಇಲಾಖೆಗೆ ಮಂತ್ರಿ. ರಕ್ತದ ಕಾಯಿಲೆ ಮತ್ತು ಕ್ಯಾನ್ಸರ್ ಔಷಧಗಳನ್ನು ಪರಿಶೀಲಿಸಿ ಎಫ್‌ಡಿಎ ಬಿಟ್ಟುಹೋದ 26 ಮಂದಿ ಎಲ್ಲಿಗೆ ಹೋದರೆಂದು ಇಬ್ಬರು ವೈದ್ಯರು ಹುಡುಕಿ 2016ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 15 ಮಂದಿ ಔಷಧ ಕಂಪೆನಿಗಳಿಗೆ ದುಡಿಯುತ್ತಿದ್ದರು, ಇಲ್ಲವೇ ಸಲಹೆ ಕೊಡುತ್ತಿದ್ದರು.

ಇವರಲ್ಲಿ ಹೆಚ್ಚಿನವರು ಕಾನೂನು ಮುರಿದವರಲ್ಲ, ಅದೇ ನೋಡಿ ವಿಷಯ. ತಾನೇ ನೋಡಿದ ಕಡತದ ಬಗ್ಗೆ ಕಂಪೆನಿಯ ಪರವಾಗಿ ಸರಕಾರದೆದುರು ಜೀವಮಾನವಿಡೀ ವಾದಿಸಬಾರದೆಂಬ ಕಾನೂನು ಅಲ್ಲಿದೆ. ಪರದೆಯ ಹಿಂದೆ ಕೂತು ಸಲಹೆ ಕೊಟ್ಟರೆ ಅಡ್ಡಿಯಿಲ್ಲ. ಯಕ್ಷಗಾನ ನೋಡಿದ ನಮಗೆ ಪರದೆಯ ಹಿಂದೆಯೂ ಕುಣಿಯುವ ಕಾಲುಗಳು ಕಾಣುತ್ತವೆ.

ಆದರೂ ಅವರ ಹೆಸರು, ಇಸವಿ ಹಿಡಿದು ನಾನು ಪೆರ್ಲದಲ್ಲಿ ಕೂತು ಬರೆಯಬಲ್ಲೆ. ನಮ್ಮ ದೇಶದ್ದನ್ನು ಹೀಗೆ ಹೆಸರು, ಇಸವಿ ಸಹಿತ ಬರೆಯೋಣವೆಂದರೆ ಎಲ್ಲಿ ಹುಡುಕುವುದು? ಯಾವ ಅಧಿಕಾರಿ ಯಾವ ಔಷಧದ ಕಡತ ನೋಡಿದರು, ನಿವೃತ್ತಿಯ ಬಳಿಕ ಎಲ್ಲಿಗೆ ಹೋದರು ಎಂದು ಸಾಮಾನ್ಯರು ತೆರೆದು ನೋಡುವಂಥ ಪುಸ್ತಕ ಇಲ್ಲ. ನಮ್ಮಲ್ಲಿ ಬಾಗಿಲು ತಿರುಗುವುದು ಕತ್ತಲೆಯಲ್ಲಿ.

ಒಮ್ಮೆ ಮಾತ್ರ ದೀಪ ಹಚ್ಚಿದವರು ಸಂಸದರೇ. ದಿಲ್ಲಿಯ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಹೇಗೆ ಕೆಲಸ ಮಾಡುತ್ತಿದೆ ಎಂದು ಆರೋಗ್ಯದ ಸಂಸದೀಯ ಸ್ಥಾಯಿ ಸಮಿತಿ 2012ರ ಮೇ ತಿಂಗಳಲ್ಲಿ ತನ್ನ 59ನೇ ವರದಿ ಕೊಟ್ಟಿತು. 42 ಔಷಧಗಳ ಕಡತ ಕೇಳಿದರೆ ಮೂರರದ್ದು ಕಾಣೆಯಾಗಿತ್ತು. 2008ರ ಜನವರಿಯಿಂದ 2010ರ ಅಕ್ಟೋಬರ್ ತನಕ 33 ಔಷಧಗಳಿಗೆ ಭಾರತದ ರೋಗಿಗಳ ಮೇಲೆ ಪರೀಕ್ಷೆಯೇ ಆಗದೆ ಒಪ್ಪಿಗೆ ಸಿಕ್ಕಿತ್ತು. ಬೇರೆಬೇರೆ ಊರಿನ ತಜ್ಞರು ಕೊಟ್ಟ ಅಭಿಪ್ರಾಯ ಪತ್ರಗಳು ಅಕ್ಷರಕ್ಕೆ ಅಕ್ಷರ ಒಂದೇ ಥರ ಇದ್ದವು. ಬರೆದದ್ದು ಕಂಪೆನಿಗಳ ಕಾಣದ ಕೈ, ತಜ್ಞರದ್ದು ಬರೀ ಸಹಿ ಎಂದು ಸಮಿತಿ ಮುಚ್ಚುಮರೆಯಿಲ್ಲದೆ ಹೇಳಿತು. ನನ್ನ ಅಂಗಡಿಯ ಕಪಾಟುಗಳಲ್ಲಿ ಆ 33ರ ಪೈಕಿ ಎಷ್ಟಿದ್ದವೋ, ನಾನು ಯಾರ ಯಾರ ಮನೆಗೆ ಕಟ್ಟಿಕೊಟ್ಟೆನೋ. ವರದಿ ಓದಿದ ರಾತ್ರಿ ಅದೇ ಯೋಚನೆ.

ಕೇಂದ್ರ ಸರಕಾರದ ದೊಡ್ಡ ಅಧಿಕಾರಿಗಳು ನಿವೃತ್ತಿಯ ಬಳಿಕ ಒಂದು ವರ್ಷದೊಳಗೆ ಖಾಸಗಿ ಕೆಲಸಕ್ಕೆ ಸೇರಬೇಕಾದರೆ ಸರಕಾರದ ಅನುಮತಿ ಬೇಕು, ಇದು ಈಗಿನ ನಿಯಮ. ಒಂದು ವರ್ಷ ಎಂದರೆ ಎಷ್ಟು, ಮಾನ್ಯರೇ? ಒಂದು ಅಡಿಕೆ ಕೊಯ್ಲಿನಿಂದ ಮುಂದಿನ ಕೊಯ್ಲಿಗೆ. ಅಷ್ಟರೊಳಗೆ ಹೋಗುವ ಅವಸರ ಇದ್ದವರು ಅರ್ಜಿ ಹಾಕಿ ಕಾದರೂ ಸಾಕು. ಗೊತ್ತುಪಡಿಸಿದ ದಿನಗಳೊಳಗೆ ಸರಕಾರ ಬೇಡ ಎನ್ನದಿದ್ದರೆ ಒಪ್ಪಿಗೆ ಕೊಟ್ಟಂತೆಯೇ ಲೆಕ್ಕ. ಕಡತ ಮೇಜಿನ ಮೇಲೆ ಮಲಗಿದ್ದರೆ ಕೆಲಸ ಆಗುವುದಿಲ್ಲ ಎಂದು ಪಿಂಚಣಿಗೆ ಅಲೆಯುವ ನಮಗೆ ಹೇಳುತ್ತಾರೆ. ಇಲ್ಲಿ ಕಡತ ಮಲಗಿದರೇ ಕೆಲಸ ಆಗುತ್ತದೆ. ಡಾಕ್ಟರುಗಳಿಗೆ ಕಂಪೆನಿಗಳು ಉಡುಗೊರೆ, ವಿದೇಶ ಯಾತ್ರೆ ಕೊಡಬಾರದೆಂದು 2024ರ ಮಾರ್ಚಿನಲ್ಲಿ ಹೊಸ ಸಂಹಿತೆ ತಂದಿರಿ, ಸಂತೋಷ. ಆದರೆ ದೂರು ವಿಚಾರಿಸುವ ನೀತಿ ಸಮಿತಿಯನ್ನು ಔಷಧ ಕಂಪೆನಿಗಳ ಸಂಘಗಳೊಳಗೇ ಕೂರಿಸಿದಿರಿ. ಮಂಗಗಳ ಮೇಲಿನ ದೂರನ್ನು ಮಂಗಗಳ ಪಂಚಾಯತಿಗೇ ಕೊಟ್ಟು ಬಾ ಎಂದರೆ ತೋಟದವನು ಏನು ಮಾಡಬೇಕು?

ಈಗ ನಮ್ಮೂರಿನದ್ದು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ ನನ್ನ ಅಂಗಡಿಯಿಂದ ದೂರವಲ್ಲ. ಅಲ್ಲಿ ಸ್ವರ್ಗ ಎಂಬ ಊರಿದೆ, ಹೆಸರೇ ಹಾಗೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 1970ರ ದಶಕದ ಕೊನೆಯಿಂದ 2000ದ ತನಕ. ಗುಡ್ಡದ ಮೇಲೆ ಬಿದ್ದದ್ದು ನೀರಿಗೆಂದು ಗುಡ್ಡ ಕೊರೆದ ಸುರಂಗಕ್ಕೆ, ಕೆರೆಗೆ, ಕೊಡೆಂಕಿರಿ ತೋಡಿಗೆ ಇಳಿಯುತ್ತಿತ್ತು. ನಾವು ಕುಡಿಯುವುದು ಅದೇ ನೀರು. ಆ ಭಾಗದ ಮನೆಗಳಿಗೆ ನಾನು ವರ್ಷಗಟ್ಟಲೆ ಫಿಟ್ಸಿನ ಮಾತ್ರೆ ಕಟ್ಟಿಕೊಟ್ಟಿದ್ದೇನೆ. ಒಂದೇ ಬೀದಿಗೆ ಇಷ್ಟು ಚೀಟಿ ಯಾಕೆ ಬರುತ್ತಿದೆ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಹೊಳೆದದ್ದು ಅಲ್ಲೇ ಕ್ಲಿನಿಕ್ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರರಿಗೆ. ಲೋಕಕ್ಕೆ ಕೇಳಿಸುವಂತೆ ಬರೆದವರಲ್ಲಿ ಪತ್ರಕರ್ತ ಶ್ರೀ ಪಡ್ರೆಯವರು ಮೊದಲಿಗರು.

ಇಲ್ಲಿ ಬಾಗಿಲು ತಿರುಗುವ ಅಗತ್ಯವೇ ಇರಲಿಲ್ಲ, ಒಂದೇ ಮನೆಯಾಗಿತ್ತು. ವಿಷ ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರಕಾರದ್ದೇ ಹಿಂದುಸ್ಥಾನ್ ಇನ್ಸೆಕ್ಟಿಸೈಡ್ಸ್ ಇತ್ತು, ಅದರ ಕಾರ್ಖಾನೆ ಕೊಚ್ಚಿಯ ಹತ್ತಿರ ಏಲೂರಿನಲ್ಲಿ. ಮಾರಲು ನೋಂದಣಿ ಕೊಟ್ಟದ್ದು ಕೇಂದ್ರ ಸರಕಾರದ ಮಂಡಳಿ. ಸಿಂಪಡಿಸಿದ್ದು ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್, ಅಂದರೆ ತೋಟದ ನಿಗಮ. ಜನ ಕೂಗಿದಾಗ ಪರೀಕ್ಷೆ ಮಾಡಿಸಿದವರಲ್ಲೂ ಇವರಿದ್ದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಎಂಬ ಸರಕಾರೇತರ ಸಂಸ್ಥೆ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಕಂಡಿತು. ಅದೇ ವರ್ಷ ತೋಟದ ನಿಗಮ ತಾನೇ ದುಡ್ಡು ಕೊಟ್ಟು ಮಾಡಿಸಿದ ಇನ್ನೊಂದು ಅಧ್ಯಯನ, ಜನರ ರಕ್ತದಲ್ಲಿ ಅದು ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2002ರಲ್ಲಿ ಶಾಲೆಯ ಮಕ್ಕಳ ರಕ್ತದಲ್ಲಿ ಮತ್ತೆ ಕಂಡಿತು. 2003ರಲ್ಲಿ ಕೇಂದ್ರದ ದುಬೆ ಸಮಿತಿ, ಸಿಂಪಡಣೆಗೂ ಪಡ್ರೆಯ ಕಾಯಿಲೆಗಳಿಗೂ ಸಂಬಂಧ ಕಾಣುವುದಿಲ್ಲ ಎಂದಿತು. ನೀರು ಅದೇ, ಮಕ್ಕಳೂ ಅವರೇ. ಯಾರ ಖರ್ಚಿನಲ್ಲಿ, ಯಾರ ಆಜ್ಞೆಯಲ್ಲಿ ನೋಡುತ್ತಾರೆ ಎಂಬುದರ ಮೇಲೆ ವಿಷ ಕಾಣುತ್ತದೆ, ಮಾಯವಾಗುತ್ತದೆ. ಜಿನೀವಾದಲ್ಲಿ ಜಾಗತಿಕ ನಿಷೇಧದ ಮಾತು ಬಂದಾಗಲೂ ನಮ್ಮ ಸರಕಾರ ಬಹುಕಾಲ ವಿರೋಧಿಸಿ, 2011ರ ಎಪ್ರಿಲಿನಲ್ಲಿ ವಿನಾಯಿತಿಗಳ ಸಹಿತ ಒಪ್ಪಿತು. ಮರುತಿಂಗಳು, ಮೇ 13ಕ್ಕೆ, ಸುಪ್ರೀಂ ಕೋರ್ಟು ತಡೆ ಹಾಕಿತು. ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಅದೇ ಕೋರ್ಟು 2017ರ ಜನವರಿ 10ರಂದು ಹೇಳಿತು. 2022ರಲ್ಲೂ ಕೊಡದವರನ್ನು ಮತ್ತೆ ಗದರಿಸಬೇಕಾಯಿತು.

ಇಷ್ಟೆಲ್ಲ ಕಂಡ ಊರಿನವರು ನಾವು. "ತಜ್ಞರು ನೋಡಿದ್ದಾರೆ, ಸರಿಯಿದೆ" ಎಂದರೆ ನಮಗೆ ಕೂಡಲೇ ಕೇಳಬೇಕೆನಿಸುವುದು, ತಜ್ಞರು ನಿನ್ನೆ ಎಲ್ಲಿದ್ದರು, ನಾಳೆ ಎಲ್ಲಿಗೆ ಹೋಗುತ್ತಾರೆ?

ನೀವು ಕೇಳುವ ಮರುಪ್ರಶ್ನೆ ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. ಔಷಧ ಬಲ್ಲವರು ಇರುವುದೇ ಕೆಲವರು. ಕಂಪೆನಿಯಲ್ಲಿ ದುಡಿದವರಿಗೆ ಕಂಪೆನಿಯ ಕಳ್ಳದಾರಿಯೂ ಗೊತ್ತಿರುತ್ತದೆ, ಅಂಥವರು ಇಲಾಖೆಗೆ ಬಂದರೆ ಲಾಭವಲ್ಲವೇ? ಹೌದು, ಲಾಭವೇ. 56ಕ್ಕೆ ಮನೆಗೆ ಕಳಿಸಿದ ಇನ್‌ಸ್ಪೆಕ್ಟರಿಗೆ ಮಗಳ ಮದುವೆ ಬಾಕಿ ಇರುತ್ತದೆ, ಮನೆಯ ಸಾಲ ಇರುತ್ತದೆ, ತಲೆ ಇನ್ನೂ ಚುರುಕಾಗಿರುತ್ತದೆ. ಅವರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿರಲಿ ಎಂದು ನಾನು ಹೇಳಿದರೆ ಅದು ಅನ್ಯಾಯ.

ಗೋಡೆ ಕಟ್ಟಿ ಎಂದು ಕೇಳುತ್ತಿಲ್ಲ. ನಮ್ಮ ತೋಟಗಳ ಬೇಲಿಗೆ ತಡಮೆ ಎಂದು ಇಡುತ್ತೇವೆ. ಓಡಾಡಲು ಕಂಡಿ ಬೇಕು, ಆದರೆ ದನ ನುಗ್ಗಬಾರದು. ಅದಕ್ಕೆ ಕಂಡಿಗೆ ಅಡ್ಡ ಮರ ಕೊಟ್ಟು ಕಾಲೆತ್ತಿ ದಾಟುವ ಹಾಗೆ ಮಾಡುವುದು. ದಾಟುವವರು ಒಂದು ಕ್ಷಣ ನಿಲ್ಲಲೇಬೇಕು, ದಾಟುವುದು ಅಕ್ಕಪಕ್ಕದವರಿಗೆ ಕಾಣುತ್ತದೆ. ಅಷ್ಟೇ ನಾನು ಕೇಳುವುದು.

ಒಂದು ವರ್ಷವನ್ನು ಮೂರು ಮಾಡಿ. ದಿಲ್ಲಿಯ ದೊಡ್ಡವರಿಗೆ ಮಾತ್ರ ಸಾಲದು, ರಾಜ್ಯದ ಡ್ರಗ್ಸ್ ಕಂಟ್ರೋಲ್ ಇಲಾಖೆಗೆ, ಆಸ್ಪತ್ರೆಗಳ ನೋಂದಣಿ ನೋಡುವವರಿಗೆ, ಸಮಿತಿಯಲ್ಲಿ ಕೂತು ಸಹಿ ಹಾಕುವ ಹೊರಗಿನ ತಜ್ಞರಿಗೂ ಅದು ತಗಲಲಿ. ಸಂಬಳದ ಕೆಲಸ ಎಂದು ಮಾತ್ರ ಬರೆದರೆ ಎಲ್ಲರೂ ಸಲಹೆಗಾರರಾಗುತ್ತಾರೆ. ಆದ್ದರಿಂದ ಸಲಹೆ, ನಿರ್ದೇಶಕ ಸ್ಥಾನ, ಗೌರವಧನ ಎಲ್ಲವನ್ನೂ ಹೆಸರಿಸಿ ಬರೆಯಿರಿ. ತಾವೇ ನೋಡಿದ ಕಡತದ ಬಗ್ಗೆ ಪರದೆಯ ಹಿಂದಿನ ಸಲಹೆಗೂ ಅಡ್ಡಿ ಇರಲಿ. ಮೌನವೇ ಅನುಮತಿ ಎಂಬ ನಿಯಮ ತೆಗೆದುಹಾಕಿ, ಅನುಮತಿ ಕೊಟ್ಟರೆ ಯಾಕೆ ಕೊಟ್ಟಿರೆಂದು ಬರೆದು ಹಾಕಿ. ಕಂಪೆನಿಯಿಂದ ಬಂದು ಇಲಾಖೆ ಸೇರಿದವರು ಹಳೆಯ ಕಂಪೆನಿಯ ಕಡತ ಮುಟ್ಟದಿರಲಿ. ಔಷಧ ಸಂಹಿತೆಯ ದೂರುಗಳನ್ನು ಕಂಪೆನಿಗಳ ಸಂಘದಿಂದ ಹೊರಗೆ ತನ್ನಿ.

ಇದೆಲ್ಲಕ್ಕಿಂತ ಮೊದಲು ಒಂದು ಪುಸ್ತಕ ಬೇಕು. ಫಾರ್ಮ್ 35ರ ಹಾಗೆ, ಆದರೆ ಅಂಗಡಿಯವನದ್ದಲ್ಲ, ಇನ್‌ಸ್ಪೆಕ್ಟರರದ್ದು. ಯಾರು, ಕೊನೆಯ ಐದು ವರ್ಷದಲ್ಲಿ ಯಾವ ಕಂಪೆನಿಗಳ ತಪಾಸಣೆ ಮಾಡಿದರು, ಈಗ ಎಲ್ಲಿ ಕೆಲಸ ಎಂದು ಮೂರು ಕಲಂ ಸಾಕು. ನನ್ನ ಮಜ್ಜಿಗೆ ಬಾಟ್ಲಿಯ ದಾಖಲೆ ಸರಕಾರದ ಬಳಿ ಇದೆ. ಇದರದ್ದೂ ಇರಲಿ. ಕೇರಳದ ಪಟ್ಟಿಯನ್ನು ಮಲಯಾಳ, ಇಂಗ್ಲಿಷಿನ ಜತೆ ಕನ್ನಡದಲ್ಲೂ ಹಾಕಿ. (ಭಾಷೆಯ ತಕರಾರು ಅಲ್ಲ ಎಂದೆ. ಇದೊಂದಕ್ಕೆ ಮಾಫಿ ಮಾಡಿ.)

ನಿವೃತ್ತರಾದವರಿಗೆ ಸರಕಾರವೇ ಕೆಲಸ ಕೊಡಲಿ. ಫಾರ್ಮಸಿ ಕಾಲೇಜುಗಳಲ್ಲಿ ಪಾಠ ಮಾಡಲಿ, ಹೊಸ ಇನ್‌ಸ್ಪೆಕ್ಟರುಗಳಿಗೆ ತರಬೇತಿ ಕೊಡಲಿ. ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದ ಆ ಹುಡುಗನಿಗೆ ಕಲಿಸಿದವರು ಅವರೇ ಅಲ್ಲವೇ? ಹೇಗೆ ನೋಡಬೇಕೆಂದು ಚೆನ್ನಾಗಿಯೇ ಕಲಿಸಿದ್ದರು.

ಉತ್ತರ ಮಲಯಾಳದಲ್ಲಿ ಬಂದರೂ ನನಗೆ ಓದಲು ಬರುತ್ತದೆ.

ಕೊನೆಗೊಂದು ಮಾತು. ಈ ಪತ್ರದ ಕರಡನ್ನು ಹಳೆಯ ಸಾಹೇಬರಿಗೆ ಫೋನಿನಲ್ಲಿ ಪೂರ್ತಿ ಓದಿ, ತಿಳಿಯದ ಕಡೆ ಮಲಯಾಳದಲ್ಲಿ ಬಿಡಿಸಿ ಹೇಳಿದೆ. ಬೆನ್ನ ಹಿಂದೆ ಬರೆಯುವುದು ನನಗೆ ಸರಿ ಕಾಣಲಿಲ್ಲ. ಸ್ವಲ್ಪ ಹೊತ್ತು ಅತ್ತಲಿಂದ ಸದ್ದಿಲ್ಲ. ಆಮೇಲೆ, "ಆ ಮಜ್ಜಿಗೆಯದ್ದು ಯಾಕೆ ಹಾಕಿದ್ದು ಮಾರಾಯ್ರೆ, ನಿಮ್ಮ ಮರ್ಯಾದೆಯೇ ಹೋಗುವುದಲ್ವಾ" ಎಂದರು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ. ತೆಗೆಯಿರಿ ಎಂದೂ ಹೇಳಲಿಲ್ಲ.

ಇತೀ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಮದ್ದಿನಂಗಡಿಯವ
ಪೆರ್ಲ, ಕಾಸರಗೋಡು ಜಿಲ್ಲೆ